ಕಮಲಾದೇವಿ ಚಟ್ಟೋಪಾಧ್ಯಾಯ: ಕುಶಲಕರ್ಮಿಗಳಿಗೆ ಸಂಘ ಕಟ್ಟಿಕೊಟ್ಟ ಮಂಗಳೂರಿನ ಮಗಳು

ಹೊರನಾಡಿನಲ್ಲಿ ಒಂದು ಸಂಘವನ್ನು ಕಟ್ಟಿ, ಅದನ್ನು ವರ್ಷ ವರ್ಷವೂ ನಡೆಸಿಕೊಂಡು ಬರುವುದು ಎಷ್ಟು ಕಷ್ಟದ ಕೆಲಸವೆಂಬುದು ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ಎಲ್ಲರಿಗೂ ತಿಳಿದದ್ದೇ. ಸಭಾಂಗಣ ಗೊತ್ತು ಮಾಡುವುದು, ಚಂದಾ ಎತ್ತುವುದು, ಊಟದ ಲೆಕ್ಕ ಹಾಕುವುದು, ಕುರ್ಚಿ ಜೋಡಿಸುವುದು, ಎಲ್ಲರೂ ಮನೆಗೆ ಹೋದ ಮೇಲೆ ದೀಪ ಆರಿಸಿ ಬಾಗಿಲು ಹಾಕುವುದು, ಇವಾವುವೂ ಚರಿತ್ರೆಯ ಪುಟಗಳಲ್ಲಿ ಬರುವುದಿಲ್ಲ. ಆದರೆ ಇವಿಲ್ಲದೆ ಯಾವ ಸಂಘವೂ ಇಲ್ಲ. ಸಂಸ್ಥಾಪನೆಯ ದಿನವನ್ನು ನೆನೆಯುವ ಈ ಹೊತ್ತಿನಲ್ಲಿ, ತಮ್ಮ ಇಡೀ ಬಾಳನ್ನೇ ಸಂಘಗಳನ್ನು ಕಟ್ಟುವುದಕ್ಕೆ ಮುಡಿಪಾಗಿಟ್ಟ ಒಬ್ಬ ಕನ್ನಡನಾಡಿನ ಹೆಣ್ಣುಮಗಳ ಕಥೆಯನ್ನು ಓದುಗರ ಮುಂದಿಡುವುದು ಉಚಿತವೆಂದು ನನಗನ್ನಿಸಿತು.

ನಾನು ವೈದ್ಯವೃತ್ತಿಗೆ ಸೇರಿದ ಮನುಷ್ಯ. ಎಂ.ಬಿ.ಬಿ.ಎಸ್. ಓದುವಾಗಲೂ, ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗಲೂ ವೃತ್ತಿಸಂಘವೆಂದರೇನು ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಯಾರು ಕಲಿತವರು, ಕೆಲಸ ಎಷ್ಟು ಚೊಕ್ಕವಾಗಿರಬೇಕು, ಹೊಸದನ್ನು ಹೇಗೆ ಹಂಚಿಕೊಳ್ಳಬೇಕು, ವೃತ್ತಿಯ ಮರ್ಯಾದೆಯನ್ನು ಹೇಗೆ ಕಾಯಬೇಕು, ಇದನ್ನೆಲ್ಲ ಸಂಘಗಳೇ ನೋಡಿಕೊಳ್ಳುತ್ತವೆ. ವೈದ್ಯರಿಗೆ, ವಕೀಲರಿಗೆ, ಎಂಜಿನಿಯರುಗಳಿಗೆ, ಪುಸ್ತಕದ ಮುಖಪುಟವನ್ನೋ ಕಂಪೆನಿಯ ಲಾಂಛನವನ್ನೋ ರಚಿಸುವ ವಿನ್ಯಾಸಕಾರರಿಗೆ ಇಂಥ ಸಂಘಗಳುಂಟು. ಆದರೆ ಬೀದರಿನ ಹೂಜಿಗೆ ಬೆಳ್ಳಿಯ ಎಳೆ ಕೂರಿಸುವವನಿಗೆ, ಇಳಕಲ್ಲಿನ ಸೀರೆ ನೇಯುವವಳಿಗೆ, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಚ್ಚುವವನಿಗೆ ಯಾರಿದ್ದಾರೆ? ಅವರೂ ವಿನ್ಯಾಸಕಾರರೇ ಅಲ್ಲವೇ? ಈ ಪ್ರಶ್ನೆಯನ್ನು ದೇಶದ ಮುಂದೆ, ಆಮೇಲೆ ಜಗತ್ತಿನ ಮುಂದೆ ಇಟ್ಟು, ಅದಕ್ಕೆ ಸಂಸ್ಥೆಗಳ ಮೂಲಕ ಉತ್ತರ ಕೊಟ್ಟವರು ಕಮಲಾದೇವಿ ಚಟ್ಟೋಪಾಧ್ಯಾಯರು.

ಹುಟ್ಟು, ಬಾಲ್ಯ

ಹೆಸರು ಕೇಳಿದರೆ ಬಂಗಾಳದವರೆನ್ನಿಸುತ್ತದೆ. ಆದರೆ ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು, ನಮ್ಮ ಮಂಗಳೂರಿನಲ್ಲಿ. ಮನೆಮಾತು ಕೊಂಕಣಿ, ಊರ ಮಾತು ತುಳು ಮತ್ತು ಕನ್ನಡ. ತಂದೆ ಅನಂತಯ್ಯ ಧಾರೇಶ್ವರ್ ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿ ಓದಿದ ಹೆಣ್ಣುಮಗಳು, ಧೈರ್ಯಸ್ಥೆ. ಆ ಕಾಲದ ಮಂಗಳೂರೂ ಸಾಮಾನ್ಯ ಊರಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟದ್ದು ಅಲ್ಲಿಂದಲೇ. ಬಾಸೆಲ್ ಮಿಶನ್ನಿನವರ ಮುದ್ರಣಾಲಯ, ಹೆಂಚಿನ ಕಾರ್ಖಾನೆ, ನೇಯ್ಗೆಯ ಕಾರ್ಖಾನೆ ಅಲ್ಲಿದ್ದವು. ಕುದ್ಮುಲ್ ರಂಗರಾಯರಂಥ ಸುಧಾರಕರು ದಲಿತ ಮಕ್ಕಳಿಗೆ ಶಾಲೆ ತೆರೆದದ್ದೂ ಆ ಊರಿನಲ್ಲೇ.

ಕಮಲಾದೇವಿ ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ತಂದೆಯ ಮೊದಲ ಮದುವೆಯ ಮಗನಿಗೆ ಹೋಯಿತು. ತಾಯಿಗೂ ಮಗಳಿಗೂ ಉಳಿದದ್ದು ತಿಂಗಳ ಖರ್ಚಿನ ಹಂಗು ಮಾತ್ರ. ಗಿರಿಜಾಬಾಯಿ ಆ ಹಂಗನ್ನು ಬೇಡವೆಂದು, ತವರಿನಿಂದ ಬಂದದ್ದರಲ್ಲೇ ಮಗಳನ್ನು ಬೆಳೆಸಿದರು. ಕಾನೂನು ಹೆಣ್ಣನ್ನು ಹೇಗೆ ಬೀದಿಗೆ ತಳ್ಳಬಲ್ಲುದು ಎಂಬ ಪಾಠ ಆ ಹುಡುಗಿಗೆ ಪುಸ್ತಕದಿಂದ ಬಂದದ್ದಲ್ಲ, ತನ್ನ ಮನೆಯ ಅಂಗಳದಲ್ಲೇ ಸಿಕ್ಕಿದ್ದು.

ಹದಿನಾಲ್ಕು ತುಂಬುವ ಹೊತ್ತಿಗೆ ಮದುವೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ ಗಂಡ ತೀರಿಕೊಂಡರು. ಅಂದಿನ ಸಮಾಜದಲ್ಲಿ ಬಾಲವಿಧವೆಯ ಬಾಳು ಎಂದರೆ ಮನೆಯ ಒಂದು ಮೂಲೆ. ಆದರೆ ಗಿರಿಜಾಬಾಯಿ ಮಗಳನ್ನು ಮೂಲೆಗೆ ಕೂರಿಸಲಿಲ್ಲ, ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿಗೆ ಕಳುಹಿಸಿದರು. ಅಲ್ಲಿ ಸರೋಜಿನಿ ನಾಯಿಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಆ ಮೂಲಕ ಅವರ ಸೋದರ, ಕವಿ ಮತ್ತು ನಟ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಯಿತು. ಇಬ್ಬರಿಗೂ ನಾಟಕದ ಹುಚ್ಚು. ವಿಧವೆಯ ಮರುವಿವಾಹ, ಅದೂ ಜಾತಿ ಮತ್ತು ಭಾಷೆ ಎರಡನ್ನೂ ದಾಟಿದ ಮದುವೆ. ಊರೆಲ್ಲ ಗುಲ್ಲಾಯಿತು, ಮದುವೆ ನಡೆದೇ ಹೋಯಿತು. ಮುಂದೆ ರಾಮಕೃಷ್ಣ ಎಂಬ ಮಗ ಹುಟ್ಟಿದ. ಆ ದಾಂಪತ್ಯ ಕೊನೆಯವರೆಗೆ ಉಳಿಯಲಿಲ್ಲ. ವಿಚ್ಛೇದನವೆಂಬ ಮಾತೇ ಅಪರೂಪವಾಗಿದ್ದ ಕಾಲದಲ್ಲಿ ಕಮಲಾದೇವಿಯವರು ನ್ಯಾಯಾಲಯಕ್ಕೆ ಹೋಗಿ ಬಿಡುಗಡೆ ಪಡೆದರು. ಹೆಸರನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು.

ಚುನಾವಣೆ, ಉಪ್ಪು, ಸೆರೆಮನೆ

ಮದುವೆಯಾದ ಹೊಸತರಲ್ಲಿ ದಂಪತಿಗಳು ಇಂಗ್ಲೆಂಡಿಗೆ ಹೋದರು. ಕಮಲಾದೇವಿ ಲಂಡನ್ನಿನ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಅಸಹಕಾರ ಚಳುವಳಿಯ ಸುದ್ದಿ ಕೇಳಿ 1923ರಲ್ಲಿ ಹಿಂತಿರುಗಿ ಸೇವಾದಳಕ್ಕೆ ಸೇರಿದರು. 1926ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಹೆಂಗಸರಿಗೆ ಶಾಸನ ಸಭೆಗೆ ಸ್ಪರ್ಧಿಸುವ ಹಕ್ಕು ಸಿಕ್ಕಿತು. ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಮಹಿಳೆಯ ಒತ್ತಾಸೆಯಿಂದ ಕಮಲಾದೇವಿ ಕಣಕ್ಕಿಳಿದರು. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಅಲ್ಪ ಮತಗಳಿಂದ ಸೋತರು. ಸೋತರೇನಂತೆ, ಭಾರತದಲ್ಲಿ ಶಾಸನ ಸಭೆಗೆ ಸ್ಪರ್ಧಿಸಿದ ಮೊದಲ ಮಹಿಳೆ ಎಂಬ ಹೆಸರು ಮಂಗಳೂರಿನ ಈ ಮಗಳಿಗೇ ಬಂತು. ಮರುವರ್ಷ ಅದೇ ಸಭೆಗೆ ನಾಮಕರಣಗೊಂಡು ದೇಶದ ಮೊದಲ ಶಾಸಕಿಯಾದ ಮುತ್ತುಲಕ್ಷ್ಮಿ ರೆಡ್ಡಿಯವರು ವೃತ್ತಿಯಿಂದ ವೈದ್ಯೆಯೆಂಬುದು ನನ್ನಂಥವರಿಗೆ ಇನ್ನಷ್ಟು ಸಂತೋಷ ಕೊಡುವ ಸಂಗತಿ.

1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಹುಟ್ಟಿತು. ಅದರ ಸಂಘಟನಾ ಕಾರ್ಯದರ್ಶಿಯಾಗಿ ಕಮಲಾದೇವಿ ದೇಶವೆಲ್ಲ ಸುತ್ತಿದರು, ಊರೂರಿನಲ್ಲಿ ಶಾಖೆ ತೆರೆದರು. ದೆಹಲಿಯಲ್ಲಿ 1932ರಲ್ಲಿ ಆರಂಭವಾದ ಲೇಡಿ ಇರ್ವಿನ್ ಕಾಲೇಜು ಆ ಸಮ್ಮೇಳನದ ಫಲ. ಸಂಘ ಕಟ್ಟುವ ವಿದ್ಯೆಯನ್ನು ಅವರು ಅಭ್ಯಾಸ ಮಾಡಿದ್ದು ಇಲ್ಲಿ.

1930ರ ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿ ಮೊದಲು ಹೆಂಗಸರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿ ಸುಮ್ಮನಿರಲಿಲ್ಲ. ನೇರವಾಗಿ ಅವರಲ್ಲಿಗೆ ಹೋಗಿ ವಾದಿಸಿ ಒಪ್ಪಿಸಿದರು. ಬೊಂಬಾಯಿಯ ಕಡಲ ದಂಡೆಯಲ್ಲಿ ಅವಂತಿಕಾಬಾಯಿ ಗೋಖಲೆಯವರೊಂದಿಗೆ ಉಪ್ಪು ಕಾಯಿಸಿದರು. ಪೊಟ್ಟಣ ಕಟ್ಟಿ ಷೇರು ಪೇಟೆಯೊಳಗೇ ಹೋಗಿ ಮಾರಿದರು. ದಸ್ತಗಿರಿಯಾಗಿ ಹೆಚ್ಚುಕಡಿಮೆ ಒಂದು ವರ್ಷ ಸೆರೆಯಲ್ಲಿದ್ದರು. ಜೈಲು ಅವರಿಗೆ ಅದೇ ಕೊನೆಯಲ್ಲ, ಮುಂದೆ ಹಲವು ಸಲ ಹೋಗಿ ಬಂದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾದರು.

ಈ ನಡುವೆ ಕಲೆಯ ನಂಟನ್ನೂ ಬಿಟ್ಟಿರಲಿಲ್ಲ. ಮೋಹನ್ ಭವನಾನಿಯವರು ತೆಗೆದ ಮೃಚ್ಛಕಟಿಕ ಎಂಬ ಮೂಕಿ ಚಿತ್ರದಲ್ಲಿ ಅವರು ನಟಿಸಿದರು. ಅದೇ ಚಿತ್ರದಲ್ಲಿ ನಮ್ಮ ಟಿ. ಪಿ. ಕೈಲಾಸಂ ಅವರೂ ಇದ್ದರು. 1943ರಲ್ಲಿ ಬಂದ, ಸೈಗಲ್ ಹಾಡಿ ನಟಿಸಿದ ತಾನ್‌ಸೇನ್ ಹಿಂದಿ ಚಿತ್ರದಲ್ಲೂ ಅವರನ್ನು ಕಾಣಬಹುದು. ಮರ್ಯಾದಸ್ಥರ ಮನೆಯ ಹೆಣ್ಣು ಬೆಳ್ಳಿತೆರೆಯ ಮೇಲೆ ಬರಬಾರದೆಂಬ ಕಾಲದಲ್ಲಿ ಇದೂ ಒಂದು ಸತ್ಯಾಗ್ರಹವೇ.

ಅಮೆರಿಕೆಯ ರೈಲಿನಲ್ಲಿ

ಇಲ್ಲಿ ನೆಲೆಸಿರುವ ನಮಗೆ ಅವರ ಬಾಳಿನ ಒಂದು ಅಧ್ಯಾಯ ವಿಶೇಷವಾಗಿ ಹತ್ತಿರದ್ದು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಕಮಲಾದೇವಿ ಹೊರದೇಶದಲ್ಲಿದ್ದರು. ಅಲ್ಲಿಂದ ಅಮೆರಿಕೆಗೆ ಬಂದು 1941ರವರೆಗೆ ಈ ದೇಶವನ್ನು ಸುತ್ತಿದರು. ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣ ಮಾಡಿದರು, ಕಪ್ಪು ಜನರ ನಾಯಕರನ್ನು ಕಂಡರು, ಅವರ ಬೀದಿಗಳಲ್ಲಿ ಓಡಾಡಿದರು.

1941ರಲ್ಲಿ ದಕ್ಷಿಣದ ರಾಜ್ಯಗಳಲ್ಲಿ ರೈಲಿನಲ್ಲಿ ಹೋಗುತ್ತಿದ್ದಾಗ ಬಿಳಿಯರಿಗೆ ಮೀಸಲಾದ ಗಾಡಿಯಲ್ಲಿ ಕುಳಿತಿದ್ದರು. ಟಿಕೆಟ್ಟು ನೋಡುವವನು ಬಂದು ಬೇರೆ ಗಾಡಿಗೆ ಹೋಗಬೇಕೆಂದ. ಅವರು ಏಳಲಿಲ್ಲ. ಆತ ಹೋಗಿ ಮತ್ತೆ ಬಂದು, ನೀವು ಯಾವ ದೇಶದವರೆಂದು ವಿಚಾರಿಸಿದ. ಭಾರತದವರೆಂದರೆ ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಪರದೇಶದ ಅತಿಥಿಯೆಂದು ವಿನಾಯಿತಿ ಸಿಗುತ್ತಿತ್ತು. ಆದರೆ ಕಮಲಾದೇವಿ ಆ ಬಾಗಿಲಿನಿಂದ ನುಸುಳಿಕೊಳ್ಳಲಿಲ್ಲ. ನಾನು ಯಾವ ದೇಶದವಳಾದರೇನು, ಕಪ್ಪು ವರ್ಣದ ಹೆಂಗಸು, ಇಲ್ಲಿಂದ ಏಳುವ ಉದ್ದೇಶವಿಲ್ಲ ಎಂಬ ಅರ್ಥದ ಮಾತನ್ನು ಹೇಳಿ ಕುಳಿತೇ ಇದ್ದರು. ಆತ ಗೊಣಗುತ್ತ ಹೊರಟುಹೋದ.

ಅಲಬಾಮದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಆಸನ ಬಿಟ್ಟುಕೊಡದೆ ಕುಳಿತದ್ದು 1955ರಲ್ಲಿ. ನಮ್ಮ ಪಕ್ಕದ ಗ್ರೀನ್ಸ್‌ಬರೋ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕಟ್ಟೆಯ ಮುಂದೆ ಕುಳಿತದ್ದು 1960ರ ಫೆಬ್ರುವರಿ 1ರಂದು. ಅದಾದ ಎರಡೇ ತಿಂಗಳಲ್ಲಿ ನಮ್ಮ ರ‍್ಯಾಲಿಯ ಶಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಅಹಿಂಸಾ ಸಂಘಟನೆ ಹುಟ್ಟಿತು. ಗ್ರೀನ್ಸ್‌ಬರೋದ ಆ ಅಂಗಡಿ 2010ರಿಂದ ವಸ್ತುಸಂಗ್ರಹಾಲಯವಾಗಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕುರ್ಚಿಗಳನ್ನು ತೋರಿಸುವಾಗ, ಅದಕ್ಕೂ ಸುಮಾರು ಎರಡು ದಶಕ ಮೊದಲು ಇದೇ ದಕ್ಷಿಣ ಸೀಮೆಯ ರೈಲಿನಲ್ಲಿ ಕುಳಿತೇ ಇದ್ದ ಮಂಗಳೂರಿನ ಹೆಣ್ಣುಮಗಳ ವಿಷಯವನ್ನೂ ನಾವು ಹೇಳಬಹುದು. ಇಲ್ಲಿ ನಾವು ನೆಮ್ಮದಿಯಿಂದ ಬಾಳುವಂತಾದುದರ ಹಿಂದೆ ಯಾರ ಯಾರ ಹೋರಾಟವಿದೆಯೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ನಿರಾಶ್ರಿತರಿಂದ ಕುಶಲಕರ್ಮಿಗಳಿಗೆ

ಸ್ವಾತಂತ್ರ್ಯ ಬಂತು, ಜೊತೆಗೆ ದೇಶ ಒಡೆಯಿತು. ಲಕ್ಷಾಂತರ ಜನ ಮನೆಮಠ ಕಳೆದುಕೊಂಡು ಬಂದರು. ಹೋರಾಟದಲ್ಲಿ ಜೊತೆಗಿದ್ದ ಅನೇಕರು ಅಧಿಕಾರದ ಕಡೆಗೆ ನಡೆದಾಗ ಕಮಲಾದೇವಿ ನಿರಾಶ್ರಿತರ ಶಿಬಿರಗಳ ಕಡೆಗೆ ನಡೆದರು. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಬಂದವರಿಗೆ ಭಿಕ್ಷೆ ಬೇಡ, ಕೆಲಸ ಬೇಕು, ಆ ಕೆಲಸಕ್ಕೆ ಅವರೇ ಒಡೆಯರಾಗಬೇಕು ಎಂಬುದು ಅವರ ಲೆಕ್ಕ. ದೆಹಲಿಯ ಹೊರವಲಯದ ಛತರ್‌ಪುರದಲ್ಲಿ ಸಹಕಾರಿ ಬೇಸಾಯ ಆರಂಭವಾಯಿತು. ಆಮೇಲೆ ವಾಯವ್ಯ ಗಡಿನಾಡಿನಿಂದ ಬಂದ ಹತ್ತಾರು ಸಾವಿರ ಜನರು ತಮ್ಮ ಕೈಯಾರೆ ಫರೀದಾಬಾದ್ ಎಂಬ ಹೊಸ ಊರನ್ನು ಕಟ್ಟುವುದಕ್ಕೆ ಈ ಸಂಸ್ಥೆ ನೆರವಾಯಿತು. ಆಗ ಅವರೊಂದಿಗೆ ದುಡಿದ ತರುಣರಲ್ಲಿ ಒಬ್ಬರು ಎಲ್. ಸಿ. ಜೈನ್. ಅವರು ಮುಂದೆ 1989ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು, ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

ಶಿಬಿರಗಳಲ್ಲಿ ಕಮಲಾದೇವಿಯವರ ಕಣ್ಣಿಗೆ ಬಿದ್ದದ್ದು ಜನರ ಕೈಗಳು. ಎಲ್ಲವನ್ನೂ ಕಳೆದುಕೊಂಡವರ ಕೈಯಲ್ಲಿಯೂ ಕಸೂತಿ ಉಳಿದಿತ್ತು, ನೇಯ್ಗೆ ಉಳಿದಿತ್ತು. ಮನೆಯನ್ನು ಕಿತ್ತುಕೊಳ್ಳಬಹುದು, ಬೆರಳಿನ ವಿದ್ಯೆಯನ್ನು ಕಿತ್ತುಕೊಳ್ಳಲಾಗದು. ಆದರೆ ಮಾರುಕಟ್ಟೆಯಿಲ್ಲದೆ ಆ ವಿದ್ಯೆ ಹೊಟ್ಟೆ ತುಂಬಿಸದು. 1952ರಲ್ಲಿ ದೆಹಲಿಯ ಸೆಂಟ್ರಲ್ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಎಂಬ ಸರಕಾರಿ ಮಳಿಗೆಯನ್ನು ನಡೆಸುವ ಹೊಣೆ ಈ ಸಹಕಾರ ಸಂಸ್ಥೆಗೆ ಬಂತು. ದೂಳು ಹಿಡಿದು ಕೂತಿರುತ್ತಿದ್ದ ಸಾಮಾನುಗಳಿಗೆ ಹೊಸ ಕಳೆ ಬಂತು, ಕೊಳ್ಳುವವರು ಬಂದರು, ಮಾಡಿದವರಿಗೆ ಹಣ ತಲುಪಿತು.

ವಿನ್ಯಾಸ ಯಾರದು?

ಅದೇ 1952ರಲ್ಲಿ ಕೇಂದ್ರ ಸರಕಾರ ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿ ಕಮಲಾದೇವಿಯವರನ್ನು ಅಧ್ಯಕ್ಷೆಯನ್ನಾಗಿ ಮಾಡಿತು. ಅವರ ಬಾಳಿನ ದೊಡ್ಡ ಕೆಲಸ ನಡೆದದ್ದು ಇಲ್ಲಿಂದ ಮುಂದೆ.

ಆಗಿನ ಪರಿಸ್ಥಿತಿಯನ್ನು ನೆನಪಿಸಿಕೊಳ್ಳಬೇಕು. ಅರಮನೆಗಳು ಬಾಗಿಲು ಹಾಕಿದ್ದವು, ರಾಜರ ಆಶ್ರಯದಲ್ಲಿದ್ದ ಕಸುಬುಗಳು ಅನಾಥವಾಗಿದ್ದವು. ದೇಶದ ಗಮನವೆಲ್ಲ ಅಣೆಕಟ್ಟು ಮತ್ತು ಉಕ್ಕಿನ ಕಾರ್ಖಾನೆಗಳ ಮೇಲೆ. ಕೈಕಸುಬೆಂದರೆ ಹಳೆಯ ಕಾಲದ ಪಳೆಯುಳಿಕೆ ಎಂಬ ಭಾವನೆ ಓದಿದವರಲ್ಲಿತ್ತು. ಕಮಲಾದೇವಿ ಹಳ್ಳಿ ಹಳ್ಳಿ ತಿರುಗಿದರು. ಯಾವ ಕಸುಬು ಎಲ್ಲಿದೆ, ಅದನ್ನು ಬಲ್ಲವರು ಎಷ್ಟು ಜನ ಉಳಿದಿದ್ದಾರೆ, ಕಚ್ಚಾ ಸಾಮಾನು ಎಲ್ಲಿಂದ ಬರುತ್ತದೆ, ಸಾಲ ಯಾರು ಕೊಡುತ್ತಾರೆ, ಹಳೆಯ ನಮೂನೆಗಳು ಯಾರ ಪೆಟ್ಟಿಗೆಯಲ್ಲಿವೆ ಎಂದು ಹುಡುಕಿದರು. ರೋಗಿಯನ್ನು ಮುಟ್ಟಿ ನೋಡದೆ ಔಷಧ ಬರೆಯಬಾರದೆಂದು ನಮಗೆ ಕಲಿಸುತ್ತಾರೆ. ಅವರು ಆ ನಿಯಮವನ್ನು ಒಂದು ದೇಶದ ಕಸುಬುಗಳಿಗೆ ಅನ್ವಯಿಸಿದರು ಎನ್ನಬಹುದು.

ಒಂದು ಉದಾಹರಣೆ ಸಾಕು. ಆಂಧ್ರದ ಶ್ರೀಕಾಳಹಸ್ತಿಯಲ್ಲಿ ಬಿದಿರಿನ ಲೇಖನಿಯಿಂದ ಬಟ್ಟೆಯ ಮೇಲೆ ರಾಮಾಯಣ, ಮಹಾಭಾರತದ ಕಥೆಗಳನ್ನು ಬರೆಯುವ ಕಲಂಕಾರಿ ಕಲೆ ಹೆಚ್ಚುಕಡಿಮೆ ಕೊನೆಯುಸಿರೆಳೆಯುತ್ತಿತ್ತು. 1957ರಲ್ಲಿ ಮಂಡಳಿಯ ಆಸಕ್ತಿಯಿಂದ ಅಲ್ಲಿ ತರಬೇತಿ ಕೇಂದ್ರ ಆರಂಭವಾಯಿತು. ಉಳಿದಿದ್ದ ಹಿರಿಯರು ಹೊಸಬರಿಗೆ ಕಲಿಸಿದರು. ಇಂದು ನಮ್ಮ ಹೆಂಗಸರು ಸಂಘದ ಕಾರ್ಯಕ್ರಮಗಳಿಗೆ ಉಟ್ಟು ಬರುವ ಕಲಂಕಾರಿ ಸೀರೆಗಳ ಹಿಂದೆ ಆ ಒಂದು ತರಗತಿಯ ಋಣವಿದೆ.

ಬೆಂಗಳೂರು, ದೆಹಲಿ, ಬೊಂಬಾಯಿ, ಕಲ್ಕತ್ತ ನಗರಗಳಲ್ಲಿ ಮಂಡಳಿಯ ವಿನ್ಯಾಸ ಕೇಂದ್ರಗಳು ತೆರೆದವು. ಹಳೆಯ ನಮೂನೆಗಳನ್ನು ಸಂಗ್ರಹಿಸುವುದು, ಅವುಗಳ ನಕ್ಷೆ ಬರೆಯುವುದು, ಇಂದಿನ ಮನೆಗೆ ಒಗ್ಗುವ ವಸ್ತುಗಳನ್ನು ಕುಶಲಕರ್ಮಿಗಳಿಂದಲೇ ಮಾಡಿಸಿ ನೋಡುವುದು, ಚೆನ್ನಾಗಿ ಬಂದದ್ದನ್ನು ಊರಿನ ಇತರರಿಗೂ ಹಂಚುವುದು, ಹೀಗೆ ನಡೆಯುತ್ತಿತ್ತು ಕೆಲಸ. ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದ ಮೂಲವೂ 1956ರಲ್ಲಿ ಮಂಡಳಿ ಆರಂಭಿಸಿದ ಸಂಗ್ರಹವೇ. 1965ರಿಂದ ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರೀಯ ಪ್ರಶಸ್ತಿ ಕೊಡುವ ಪದ್ಧತಿ ಬಂತು. ಅದುವರೆಗೆ ಬರಿಯ ಕಮ್ಮಾರ, ಕುಂಬಾರ, ನೇಕಾರ ಎಂದು ಜಾತಿಯಿಂದ ಗುರುತಿಸಿಕೊಳ್ಳುತ್ತಿದ್ದವನು ಸ್ವಂತ ಹೆಸರಿನಿಂದ ಗುರುತಿಸಿಕೊಂಡ.

ಈ ಹೆಸರಿನ ವಿಷಯ ಸಣ್ಣದಲ್ಲ. ಅದೇ ಕಾಲದಲ್ಲಿ ಭಾರತದಲ್ಲಿ ಓದಿದ ವಿನ್ಯಾಸಕಾರರೆಂಬ ಹೊಸ ವರ್ಗವೂ ಹುಟ್ಟುತ್ತಿತ್ತು. ಅಮೆರಿಕೆಯ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರಕಾರಕ್ಕೆ ವರದಿ ಕೊಟ್ಟರು. ಅದರ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಬಂತು. ಕಾಗದದ ಮೇಲೆ ಬರೆಯುವವನು ವಿನ್ಯಾಸಕಾರ, ಕೈಯಿಂದ ಮಾಡುವವನು ಕೂಲಿಯಾಳು ಎಂಬ ವಿಂಗಡಣೆ ಬರುವ ಅಪಾಯವಿತ್ತು. ಕಮಲಾದೇವಿ ಈ ವಿಂಗಡಣೆಯನ್ನು ಒಪ್ಪಲಿಲ್ಲ. ನಮ್ಮ ಬಿದರಿ ಕೆಲಸವನ್ನೇ ನೋಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯಬೇಕು, ಮೇಲೆ ಉಳಿಯಿಂದ ಹೂಬಳ್ಳಿ ಕೊರೆಯಬೇಕು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸಬೇಕು, ಕೊನೆಗೆ ನವಸಾಗರಕ್ಕೆ ಬೀದರ ಕೋಟೆಯ ಹಳೆಯ ಮಣ್ಣು ಕಲಸಿ ಹಚ್ಚಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಇದರಲ್ಲಿ ರಸಾಯನಶಾಸ್ತ್ರ ಎಲ್ಲಿ ಮುಗಿಯಿತು, ವಿನ್ಯಾಸ ಎಲ್ಲಿ ಶುರುವಾಯಿತು, ಕೂಲಿ ಎಲ್ಲಿದೆ? ತಂದೆಯ ಪಕ್ಕದಲ್ಲಿ ಹತ್ತು ವರ್ಷ ಕುಳಿತು ಕಲಿತ ಆ ಹುಡುಗನ ಕಲಿಕೆ ನಮ್ಮ ರೆಸಿಡೆನ್ಸಿಗಿಂತ ಯಾವ ರೀತಿಯಲ್ಲಿಯೂ ಕಡಿಮೆಯದಲ್ಲ. ಅವನಿಗೆ ಸರ್ಟಿಫಿಕೇಟು ಇಲ್ಲ, ಅಷ್ಟೇ.

ಜಗತ್ತಿನ ಸಂಘ

ಸರಕಾರದ ಮಂಡಳಿಯೊಂದೇ ಸಾಲದು, ಸರಕಾರದ ಹೊರಗೂ ಒಂದು ದನಿಯಿರಬೇಕೆಂದು ಕಮಲಾದೇವಿ ಕಂಡುಕೊಂಡಿದ್ದರು. 1964ರಲ್ಲಿ ಭಾರತ ಕರಕುಶಲ ಪರಿಷತ್ತು ಹುಟ್ಟಿತು. ಮದರಾಸು ಅದರ ಕೇಂದ್ರ. ಮುಂದೆ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಸೋದರ ಪರಿಷತ್ತುಗಳು ಬಂದವು. ಸಂಬಳವಿಲ್ಲದ ಸ್ವಯಂಸೇವಕರು, ಅವರಲ್ಲಿ ಹೆಚ್ಚಿನವರು ಗೃಹಿಣಿಯರು, ಇವನ್ನು ನಡೆಸಿದರು.

ಅದೇ ವರ್ಷದ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಗತ್ತಿನ ಕುಶಲಕರ್ಮಿಗಳ ಮೊದಲ ಮಹಾಸಭೆ ಸೇರಿತು. ನಲವತ್ತಕ್ಕೂ ಹೆಚ್ಚು ದೇಶಗಳಿಂದ ಜನ ಬಂದಿದ್ದರು. ಇದರ ಹಿಂದಿದ್ದವರು ಐಲೀನ್ ಆಸ್ಬರ್ನ್ ವೆಬ್ ಎಂಬ ಅಮೆರಿಕನ್ ಮಹಿಳೆ. ಆರ್ಥಿಕ ಕುಸಿತದ ಕಾಲದಲ್ಲಿ ಹಳ್ಳಿಗರ ಕೈಕೆಲಸಕ್ಕೆ ಮಾರುಕಟ್ಟೆ ಹುಡುಕಲು ಹೊರಟು, ಈ ದೇಶದ ಕರಕುಶಲ ಪರಿಷತ್ತನ್ನು ಕಟ್ಟಿದವರು ಅವರು. ಒಬ್ಬರು ಇಲ್ಲಿನ ಸಿರಿವಂತರ ಮನೆಯವರು, ಇನ್ನೊಬ್ಬರು ಬ್ರಿಟಿಷರ ಜೈಲು ಕಂಡ ಸಮಾಜವಾದಿ. ಇಬ್ಬರೂ ತಲುಪಿದ್ದು ಒಂದೇ ತೀರ್ಮಾನಕ್ಕೆ. ಆ ಸಭೆಯಲ್ಲಿ ವಿಶ್ವ ಕರಕುಶಲ ಪರಿಷತ್ತು ಸ್ಥಾಪನೆಯಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಕಮಲಾದೇವಿ ಉಪಾಧ್ಯಕ್ಷೆಯಾಗಿ ದುಡಿದರು. ಇಪ್ಪತ್ತಮೂರು ವರ್ಷಗಳ ಹಿಂದೆ ಗಾಡಿ ಬದಲಿಸೆಂದು ಹೇಳಿಸಿಕೊಂಡ ದೇಶಕ್ಕೆ ಅವರು ಒಂದು ಜಾಗತಿಕ ಸಂಸ್ಥೆಯನ್ನು ಹುಟ್ಟುಹಾಕಲು ಹಿಂತಿರುಗಿದ್ದರು. ಆ ಪರಿಷತ್ತು ಈಗಲೂ ಕೆಲಸ ಮಾಡುತ್ತಿದೆ. 2024ರಲ್ಲಿ ಶ್ರೀನಗರಕ್ಕೆ ವಿಶ್ವ ಕರಕುಶಲ ನಗರವೆಂಬ ಮನ್ನಣೆ ಕೊಟ್ಟದ್ದು ಅದೇ.

ಕರಕುಶಲಕ್ಕೇ ಅವರ ಕೆಲಸ ಮುಗಿಯಲಿಲ್ಲ. ಅವರು ಸ್ಥಾಪಿಸಿದ ಭಾರತೀಯ ನಾಟ್ಯ ಸಂಘ ರಂಗಭೂಮಿಯವರನ್ನು ಒಂದುಗೂಡಿಸಿತು. ಅದರ ಆಶ್ರಯದಲ್ಲಿ 1964ರಲ್ಲಿ ದೆಹಲಿಯಲ್ಲಿ ಆರಂಭವಾದ ನೃತ್ಯ ಶಾಲೆಯ ಹೊಣೆ ಹೊತ್ತವರು ನಮ್ಮ ಬೆಂಗಳೂರಿನ ಕಥಕ್ ಕಲಾವಿದೆ ಮಾಯಾ ರಾವ್. ಆ ಶಾಲೆ 1987ರಲ್ಲಿ ಬೆಂಗಳೂರಿಗೆ ಬಂತು. ಸಂಗೀತ ನಾಟಕ ಅಕಾಡೆಮಿಯ ಅಧ್ಯಕ್ಷ ಸ್ಥಾನವನ್ನೂ ಕಮಲಾದೇವಿ ನಿರ್ವಹಿಸಿದರು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೆಸೆ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ ಆತ್ಮಕಥೆ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ ತೀರಿಕೊಂಡಾಗ ಅವರಿಗೆ 85 ವರ್ಷ.

ಉಳಿದದ್ದು, ಉಳಿಯದ್ದು

ಅವರು ಕಟ್ಟಿದ್ದೆಲ್ಲವೂ ಉಳಿಯಿತೆಂದು ಹೇಳಲಾಗದು. ದೆಹಲಿಯ ಎಂಪೋರಿಯಂ ಸಹಕಾರಿಗಳ ಕೈಯಿಂದ ಮತ್ತೆ ಸರಕಾರದ ಕೈ ಸೇರಿತು, 1976ರಲ್ಲಿ ಸರಕಾರಿ ನಿಗಮದ ಪಾಲಾಯಿತು. ಅವರು ಮೊದಲ ಅಧ್ಯಕ್ಷೆಯಾಗಿದ್ದ ಅಖಿಲ ಭಾರತ ಕರಕುಶಲ ಮಂಡಳಿಯನ್ನು 2020ರಲ್ಲಿ ಕೇಂದ್ರ ಸರಕಾರ ರದ್ದುಗೊಳಿಸಿತು. ಪ್ರಶಸ್ತಿ ಪಡೆದ ಅನೇಕ ಕುಶಲಕರ್ಮಿಗಳ ಮಕ್ಕಳು ಕಸುಬು ಬಿಟ್ಟು ಪಟ್ಟಣ ಸೇರಿದ್ದಾರೆ. ಅವರನ್ನು ದೂರುವ ಹಕ್ಕು, ಊರು ಬಿಟ್ಟು ಬಂದ ನಮಗಂತೂ ಇಲ್ಲ. ಯಂತ್ರದಲ್ಲಿ ಅಚ್ಚು ಹಾಕಿದ ಬಟ್ಟೆ ಕಲಂಕಾರಿಯೆಂದೂ, ಎಲ್ಲಿಯೋ ಮಾಡಿದ ಪ್ಲಾಸ್ಟಿಕ್ ಬಣ್ಣದ ಗೊಂಬೆ ಚನ್ನಪಟ್ಟಣದ್ದೆಂದೂ ಮಾರಾಟವಾಗುತ್ತಿವೆ. ಬಿದರಿ, ಚನ್ನಪಟ್ಟಣದ ಗೊಂಬೆ, ಕಸೂತಿ, ಇಳಕಲ್ ಸೀರೆಗಳಿಗೆ ಭೌಗೋಳಿಕ ಗುರುತಿನ ಕಾನೂನು ರಕ್ಷಣೆ ಸಿಕ್ಕಿದೆ. ಆದರೆ ಕೊಳ್ಳುವವನು ಕೇಳದಿದ್ದರೆ ಆ ಗುರುತು ಕಾಗದದ ಮೇಲೆಯೇ ಉಳಿಯುತ್ತದೆ.

ಕೊಳ್ಳುವವರು ಎಂದರೆ ನಾವೇ. ಊರಿಗೆ ಹೋದಾಗ ಪೆಟ್ಟಿಗೆ ತುಂಬ ಸಾಮಾನು ತರುತ್ತೇವೆ, ಬೆಲೆಯಲ್ಲಿ ಚೌಕಾಸಿ ಮಾಡುತ್ತೇವೆ. ಮಾಡಿದವರು ಯಾರೆಂದು ಎಷ್ಟು ಸಲ ಕೇಳಿದ್ದೇವೆ? ನಾವಿರುವ ಈ ಉತ್ತರ ಕೆರೊಲೈನಾ ಕುಶಲಕರ್ಮಿಗಳಿಗೆ ಹೆಸರಾದ ಸೀಮೆ. ಸೀಗ್ರೋವಿನಲ್ಲಿ ತಲೆಮಾರುಗಳಿಂದ ಮಡಕೆ ಮಾಡುತ್ತಿರುವ ಮನೆತನಗಳಿವೆ. ಗುಡ್ಡಗಾಡಿನ ಹೆಂಗಸರ ನೇಯ್ಗೆಯನ್ನು ಉಳಿಸಲು ಲೂಸಿ ಮಾರ್ಗನ್ ಎಂಬ ಉಪಾಧ್ಯಾಯಿನಿ ಆರಂಭಿಸಿದ ಪೆನ್‌ಲ್ಯಾಂಡಿನ ಶಾಲೆಯಿದೆ. 1930ರಲ್ಲಿ ಸ್ಥಾಪನೆಯಾದ ಸದರ್ನ್ ಹೈಲ್ಯಾಂಡ್ ಕುಶಲಕರ್ಮಿಗಳ ಸಂಘ ಆಶ್‌ವಿಲ್ಲಿನಲ್ಲಿದೆ. ಅಲ್ಲಿನ ಮಡಕೆಯ ತಳದಲ್ಲಿ ಮಾಡಿದವರ ಗುರುತು ಇರುತ್ತದೆ, ನಾವು ಗೌರವದಿಂದ ಹೇಳಿದ ಬೆಲೆ ಕೊಟ್ಟು ತರುತ್ತೇವೆ. ಅದೇ ಗೌರವ ಕಿನ್ನಾಳದ ಚಿತ್ರಗಾರನಿಗೂ ಸಲ್ಲಬೇಡವೇ? 1985ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಜಾನಪದ ಉತ್ಸವದಲ್ಲಿ ಭಾರತದ ಜಾತ್ರೆಯೊಂದನ್ನೇ ನಿಲ್ಲಿಸಿ, ನಮ್ಮ ಕುಶಲಕರ್ಮಿಗಳನ್ನು ಕರೆಸಿ ಕೂರಿಸಿದ್ದರು. ಇಲ್ಲಿನ ಜನ ಬೆರಗಾಗಿ ನೋಡಿದರು.

ನಮ್ಮ ಸಂಘದ ಯುಗಾದಿ ಮತ್ತು ರಾಜ್ಯೋತ್ಸವದ ಸಭೆಗಳಲ್ಲಿ ಸೀರೆ, ಒಡವೆಗಳ ಅಂಗಡಿ ಹಾಕುವುದುಂಟು. ಅವುಗಳ ನಡುವೆ ಒಂದು ಮೇಜನ್ನು ಕರ್ನಾಟಕದ ಕುಶಲಕರ್ಮಿಗಳಿಗೆಂದು ಇಡೋಣ. ನಡುವಣ ದಲ್ಲಾಳಿಯಿಲ್ಲದೆ ಅವರ ಸಹಕಾರ ಸಂಘಗಳಿಂದಲೇ ತರಿಸಿ, ಪ್ರತಿ ವಸ್ತುವಿನ ಪಕ್ಕದಲ್ಲಿ ಮಾಡಿದವರ ಹೆಸರು, ಊರು ಬರೆದಿಡೋಣ. ಸಭೆಗೆ ಬರುವ ವಿಶೇಷ ಅತಿಥಿಗಳಿಗೆ ಕೊಡುವ ನೆನಪಿನ ಕಾಣಿಕೆಯೂ ಅಲ್ಲಿಂದಲೇ ಬರಲಿ. ಇದಕ್ಕೆ ದೊಡ್ಡ ಹಣ ಬೇಡ, ಇಬ್ಬರು ಮೂವರು ಸ್ವಯಂಸೇವಕರು ಸಾಕು.

ಮಂಗಳೂರಿನಲ್ಲಿ ಹುಟ್ಟಿ, ಜಗತ್ತನ್ನೆಲ್ಲ ಸುತ್ತಿ, ಹತ್ತಾರು ಸಂಘಗಳನ್ನು ಕಟ್ಟಿ ಬೇರೆಯವರ ಕೈಗೊಪ್ಪಿಸಿದ ಕಮಲಾದೇವಿಯವರಿಗೆ ನಾವು ಸಲ್ಲಿಸಬಹುದಾದ ಕಾಣಿಕೆ ಅಂಥದೇ ಒಂದು ಸಣ್ಣ ಕೆಲಸ.